ತಪ್ಪುಗಳನ್ನು ಎಣಿಸಿದ್ದು ಸಾಕು, ಇನ್ನು ಕೌಂಟರಿನ ಬಳಿ ಬನ್ನಿ: ಫಾರ್ಮಸಿ ಸಂಶೋಧಕರಿಗೆ ಒಂದು ಬಹಿರಂಗ ಪತ್ರ

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳಿಗೆ, ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನ ಮಾನ್ಯ ಅಧ್ಯಕ್ಷರಿಗೆ, ಹಾಗೂ ರಾಜ್ಯದ ಫಾರ್ಮಸಿ ಕಾಲೇಜುಗಳಲ್ಲಿ ‘ಫಾರ್ಮಸಿ ಪ್ರಾಕ್ಟೀಸ್’ (ರೋಗಿಯ ಔಷಧ ಬಳಕೆಯನ್ನು ನೋಡಿಕೊಳ್ಳುವ ವಿದ್ಯೆ) ಕಲಿಸುವ, ಆ ವಿಷಯದಲ್ಲಿ ಸಂಶೋಧನೆ ಮಾಡಿಸುವ ಎಲ್ಲ ಅಧ್ಯಾಪಕರಿಗೆ,

ಮಾನ್ಯರೇ,

ನಾನು ಚಳ್ಳಕೆರೆಯಲ್ಲಿ ಔಷಧಿ ಅಂಗಡಿ ನಡೆಸುವವಳು. ಡಿ.ಫಾರ್ಮ್, ಅಂದರೆ ಫಾರ್ಮಸಿ ಡಿಪ್ಲೊಮಾ ಓದಿದ್ದೇನೆ, ನೋಂದಾಯಿತ ಫಾರ್ಮಾಸಿಸ್ಟ್. ನನ್ನ ಸರ್ಟಿಫಿಕೇಟು ನನ್ನದೇ ಅಂಗಡಿಯ ಗೋಡೆಯ ಮೇಲಿದೆ ಮತ್ತು ಅದರ ಕೆಳಗೆ ನಾನೇ ನಿಂತಿರುತ್ತೇನೆ. ಎಲ್ಲ ಅಂಗಡಿಗಳಲ್ಲೂ ಹಾಗಿಲ್ಲ ಎಂಬುದು ನಿಮಗೂ ಗೊತ್ತು.

ಈ ಪತ್ರ ಬರೆಯಲು ಕಾರಣ ನಿಮ್ಮ ಪ್ರಶ್ನಾವಳಿಗಳು. ಅಕ್ಕಪಕ್ಕದ ಜಿಲ್ಲೆಗಳ ಕಾಲೇಜುಗಳಿಂದ ಆಗಾಗ ಬಿಳಿ ಕೋಟಿನ ವಿದ್ಯಾರ್ಥಿಗಳು ಅಂಗಡಿಗೆ ಬರುತ್ತಾರೆ. ಕೈಯಲ್ಲಿ ಒಂದೆರಡು ಹಾಳೆ. ಔಷಧಗಳ ಅಡ್ಡಪರಿಣಾಮ ವರದಿ ಮಾಡುವ ಬಗ್ಗೆ ಅಂಗಡಿಯವರ ‘ಜ್ಞಾನ, ಮನೋಭಾವ, ಅಭ್ಯಾಸ’ ಕುರಿತ ಅಧ್ಯಯನ ಎನ್ನುತ್ತಾರೆ. ಟಿಕ್ ಹಾಕುತ್ತೇನೆ, ಸೀಲು ಒತ್ತಿ ಕೊಡುತ್ತೇನೆ. ವಿನಯವಂತ ಮಕ್ಕಳು, ತರಿಸಿಕೊಟ್ಟ ಟೀ ಕುಡಿದು, ನಮಸ್ಕಾರ ಹೇಳಿ ಬಸ್ಸು ಹಿಡಿಯುತ್ತಾರೆ. ಆ ಅಧ್ಯಯನದಲ್ಲಿ ಏನು ಸಿಕ್ಕಿತು ಎಂದು ಇಂದಿನವರೆಗೆ ಯಾರೂ ನನಗೆ ತಿಳಿಸಿಲ್ಲ. ತಿಳಿಸದಿದ್ದರೂ ಊಹಿಸಬಲ್ಲೆ: ಜ್ಞಾನ ಸಾಲದು, ಮನೋಭಾವ ಪರವಾಗಿಲ್ಲ, ಅಭ್ಯಾಸ ಕಳಪೆ, ತರಬೇತಿಯ ಅಗತ್ಯವಿದೆ. ಆ ತರಬೇತಿ ಮಾತ್ರ ನಮ್ಮೂರಿನ ಬಸ್ಸು ಹತ್ತಿಲ್ಲ.

ಕುತೂಹಲಕ್ಕೆ ನಿಮ್ಮ ಸಂಶೋಧನಾ ಪತ್ರಿಕೆಗಳಲ್ಲಿ ಬರುವ ಲೇಖನಗಳನ್ನು ಬಿಡುವಾದಾಗ ಮೊಬೈಲಿನಲ್ಲಿ ಓದುತ್ತಾ ಬಂದಿದ್ದೇನೆ. ಬಹುಪಾಲು ಅಧ್ಯಯನಗಳ ಮೈಕಟ್ಟು ಒಂದೇ. ಒಂದು ಬೋಧನಾ ಆಸ್ಪತ್ರೆ, ಆರು ತಿಂಗಳು, ಒಂದಷ್ಟು ಕೇಸ್ ಶೀಟುಗಳು. ಚೀಟಿ ಬರೆಯುವಾಗಿನ ತಪ್ಪು ಇಷ್ಟು, ಔಷಧ ಕೊಡುವಾಗಿನ ತಪ್ಪು ಇಷ್ಟು, ಒಂದು ಔಷಧ ಇನ್ನೊಂದಕ್ಕೆ ಹೊಂದದೆ ಹೋದದ್ದು ಇಷ್ಟು. ಕೊನೆಯಲ್ಲಿ, ಆಸ್ಪತ್ರೆಯಲ್ಲಿ ರೋಗಿಗಳ ಔಷಧಗಳನ್ನು ಪರಿಶೀಲಿಸುವ ಕ್ಲಿನಿಕಲ್ ಫಾರ್ಮಾಸಿಸ್ಟ್ ಇದ್ದರೆ ಇವನ್ನು ತಡೆಯಬಹುದು ಎಂಬ ಒಂದು ಸಾಲು. ಆ ಆರು ತಿಂಗಳ ಲೆಕ್ಕವೂ ಆಕಸ್ಮಿಕವಲ್ಲ. ‘ಫಾರ್ಮ್ ಡಿ’ ಎಂಬ ಫಾರ್ಮಸಿ ಪದವಿಯ ಐದನೆಯ ವರ್ಷದಲ್ಲಿ ಯೋಜನಾ ಕಾರ್ಯಕ್ಕೆ ಕೊಡುವ ಅವಧಿಯೇ ಆರು ತಿಂಗಳು. ಪಠ್ಯಕ್ರಮ ಕೊಟ್ಟ ಅಳತೆಗೆ ಪ್ರಶ್ನೆಯನ್ನು ಕತ್ತರಿಸಿ ಹೊಲಿಯಲಾಗುತ್ತಿದೆ. ಎಣಿಸುವುದಕ್ಕೆ ಆರು ತಿಂಗಳು ಸಾಕು. ಎಣಿಸಿ, ಸರಿಪಡಿಸಿ, ಸರಿಯಾಯಿತೇ ಎಂದು ಮತ್ತೆ ಎಣಿಸಲು ಸಾಲದು. ಮುಂದಿನ ವರ್ಷದ ತಂಡವಾದರೂ ಅದೇ ವಾರ್ಡಿನಲ್ಲಿ ಕೆಲಸ ಮುಂದುವರಿಸುತ್ತದೆಯೇ ಎಂದರೆ ಅದೂ ಇಲ್ಲ. ಹೊಸ ತಂಡಕ್ಕೆ ಹೊಸ ಶೀರ್ಷಿಕೆ ಬೇಕು, ಹಾಗಾಗಿ ಮತ್ತೆ ಮೊದಲಿನಿಂದ ಎಣಿಕೆ. ಜ್ವರ ಅಳೆದು ಅಳೆದು ಥರ್ಮಾಮೀಟರು ಸವೆಸಿ, ಮಾತ್ರೆ ಕೊಡುವುದನ್ನೇ ಮರೆತಂತಾಗಿದೆ.

ಎಣಿಕೆ ಬೇಡ ಎಂಬ ಮಾತು ನನ್ನದಲ್ಲ. ಈ ರಾಜ್ಯದಲ್ಲಿ ಎಣಿಸಲು ಕಲಿತದ್ದೇ ಒಂದು ದೊಡ್ಡ ಹೆಜ್ಜೆ. ಫಾರ್ಮಸಿ ಎಂದರೆ ಕಾರ್ಖಾನೆ, ಪ್ರಯೋಗಾಲಯ, ಮಾತ್ರೆ ಒತ್ತುವ ಯಂತ್ರ ಎಂದೇ ಇಡೀ ದೇಶ ಅಂದುಕೊಂಡಿದ್ದ ಕಾಲದಲ್ಲಿ, 1990ರ ದಶಕದ ಉತ್ತರಾರ್ಧದಲ್ಲಿ, ಮೈಸೂರಿನ ಜೆಎಸ್‌ಎಸ್ ಕಾಲೇಜು ಫಾರ್ಮಸಿ ಪ್ರಾಕ್ಟೀಸ್‌ನಲ್ಲಿ ಎಂ.ಫಾರ್ಮ್ ಎಂಬ ಸ್ನಾತಕೋತ್ತರ ಪದವಿ ಶುರು ಮಾಡಿ ವಿದ್ಯಾರ್ಥಿಗಳನ್ನು ರೋಗಿಯ ಹಾಸಿಗೆಯ ಬಳಿಗೆ ಕಳಿಸಿತು. 2008ರಲ್ಲಿ ಆರು ವರ್ಷಗಳ ಫಾರ್ಮ್ ಡಿ ಬಂತು. 2010ರಲ್ಲಿ, ಔಷಧಗಳ ಅಡ್ಡಪರಿಣಾಮದ ವರದಿಗಳನ್ನು ಸಂಗ್ರಹಿಸುವ ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮ ದೆಹಲಿಯ ಏಮ್ಸ್‌ನಲ್ಲಿ ಆರಂಭವಾಗಿ, ಮರುವರ್ಷ ಘಾಜಿಯಾಬಾದಿನ ಭಾರತೀಯ ಫಾರ್ಮಾಕೋಪಿಯಾ ಆಯೋಗಕ್ಕೆ ವರ್ಗವಾಯಿತು. ವಾರ್ಡುಗಳಲ್ಲಿ ಕುಳಿತು ನಿಮ್ಮ ವಿದ್ಯಾರ್ಥಿಗಳು ತುಂಬುವ ಫಾರಂಗಳು ಅಲ್ಲಿಗೆ ಹೋಗುತ್ತವೆ. ಅದರಿಂದ ಪ್ರಯೋಜನವಾಗಿದೆ. 2023ರ ನವೆಂಬರ್ ಕೊನೆಯಲ್ಲಿ ಆಯೋಗ ಮೆಫನಮಿಕ್ ಆಮ್ಲದ ಬಗ್ಗೆ ಎಚ್ಚರಿಕೆ ಕೊಟ್ಟಿತು: ಮೈಮೇಲೆ ದದ್ದು, ಜ್ವರ, ಒಳಾಂಗಗಳಿಗೆ ತೊಂದರೆ ತರುವ ‘ಡ್ರೆಸ್’ ಎಂಬ ಅಲರ್ಜಿ ಬರಬಹುದು ಎಂದು. ಮುಟ್ಟಿನ ಹೊಟ್ಟೆನೋವಿಗೆ ಹೆಣ್ಣುಮಕ್ಕಳು ಚೀಟಿ ಇಲ್ಲದೆ ಕೇಳಿ ಒಯ್ಯುವ ಮಾತ್ರೆ ಅದು. ಆ ಎಚ್ಚರಿಕೆ ನನಗೆ ತಲುಪಿದ್ದು ಮಾತ್ರ ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ ದಿನಪತ್ರಿಕೆಯ ತುಣುಕಿನಿಂದ. ವಾರ್ಡಿನಿಂದ ಘಾಜಿಯಾಬಾದಿಗೆ ದಾರಿ ಇದೆ, ಘಾಜಿಯಾಬಾದಿನಿಂದ ಚಳ್ಳಕೆರೆಗೆ ಇಲ್ಲ.

ಔಷಧ ಸುರಕ್ಷತೆ ಎಂದಾಕ್ಷಣ ಜನರಿಗೆ ನೆನಪಾಗುವುದು ಕೆಟ್ಟ ಔಷಧ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ಐವಿ ದ್ರಾವಣದ ಗುಣಮಟ್ಟದ ಮೇಲೆ ಶಂಕೆ ಎದ್ದಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಸತ್ತಾಗ ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಇದ್ದದ್ದು ಗೊತ್ತಾಯಿತು. ಅಂಥ ಸುದ್ದಿ ಬಂದಾಗ ಸರ್ಕಾರ ಎದ್ದು ಕೂರುತ್ತದೆ, ಕೂರಲೇಬೇಕು. ನಾನು ಹೇಳಹೊರಟಿರುವುದು ಒಳ್ಳೆಯ ಔಷಧದ ಕಥೆ. ಪರೀಕ್ಷೆಯಲ್ಲಿ ಪಾಸಾದ, ಸರಿಯಾದ ವೈದ್ಯರು ಸರಿಯಾಗಿ ಬರೆದ, ನಾನು ಸರಿಯಾಗಿ ಎತ್ತಿಕೊಟ್ಟ ಔಷಧ ಮನೆಗೆ ಹೋದ ಮೇಲೆ ಹಾನಿ ಮಾಡುತ್ತದಲ್ಲ, ಅದು. ಅದಕ್ಕೆ ತನಿಖಾ ಸಮಿತಿ ಇಲ್ಲ, ಟಿವಿ ಚರ್ಚೆಯೂ ಇಲ್ಲ.

ಇನ್ಸುಲಿನ್ನನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್ಟಿನದು. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಇರುವುದು 100 ಯೂನಿಟ್ಟಿನದು. ಸಿರಿಂಜುಗಳೂ ಎರಡು ಬಗೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಹಳ್ಳಿಯ ಅಜ್ಜನ ಪೆನ್ನು ಕೆಟ್ಟುಹೋಯಿತು ಎಂದುಕೊಳ್ಳಿ. ಮನೆಯವರು ಹಳೆಯ ಕೆಂಪು ಮುಚ್ಚಳದ ಸಿರಿಂಜು ಹುಡುಕಿ, ಕಾರ್ಟ್ರಿಜ್‌ಗೆ ಸೂಜಿ ಚುಚ್ಚಿ 10ರ ಗೆರೆಯವರೆಗೆ ಎಳೆಯುತ್ತಾರೆ. ಅಜ್ಜನ ಮೈಗೆ ಹೋಗುವುದು 25 ಯೂನಿಟ್. ರಾತ್ರಿ ಸಕ್ಕರೆ ಇಳಿದು ಬೆವರಿ, ಎಚ್ಚರ ತಪ್ಪಿದರೆ ‘ಶುಗರ್ ಜಾಸ್ತಿಯಾಗಿ ಹೋಗಿಬಿಟ್ಟರು’ ಎಂದು ಊರು ಮಾತಾಡುತ್ತದೆ. ತಿರುಗಾಮುರುಗಾ ಆದರೆ, ಅಂದರೆ 40ರ ಇನ್ಸುಲಿನ್ನನ್ನು ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ, ಸಿಗುವುದು 4 ಯೂನಿಟ್ ಮಾತ್ರ; ಸಕ್ಕರೆ ಇಳಿಯದೆ ವೈದ್ಯರು ಪ್ರಮಾಣ ಏರಿಸುತ್ತಾ ಹೋಗುತ್ತಾರೆ. ಈ ಲೆಕ್ಕ ನಿಮ್ಮ ಎರಡನೆಯ ವರ್ಷದ ವಿದ್ಯಾರ್ಥಿಗೂ ಬರುತ್ತದೆ. ಆದರೆ ನಮ್ಮ ತಾಲ್ಲೂಕಿನಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರ ಮನೆಗಳಿಗೆ ಹೋಗಿ, ಯಾವ ಸೀಸೆಗೆ ಯಾವ ಸಿರಿಂಜು ಬಳಸುತ್ತಿದ್ದಾರೆ ಎಂದು ನೋಡಿ ಬಂದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.

ಮಕ್ಕಳ ಜ್ವರದ ಔಷಧವೂ ಹೀಗೆಯೇ. ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ನಲ್ಲಿ 125 ಮಿಲಿಗ್ರಾಂ ಇರುವುದುಂಟು, 250 ಇರುವುದುಂಟು. ಹಸುಗೂಸುಗಳಿಗೆಂದು ಬರುವ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ನಲ್ಲಿ 100 ಮಿಲಿಗ್ರಾಂ. ಬಾಟಲಿ ಚಿಕ್ಕದು, ಕೂಸು ಚಿಕ್ಕದು, ಹಾಗಾಗಿ ಔಷಧವೂ ಸಪ್ಪೆಯಾಗಿರಬೇಕು ಎಂದು ತಾಯಿ ಅಂದುಕೊಳ್ಳುವುದು ಸಹಜ. ದೊಡ್ಡ ಮಗುವಿಗೆ ಬರೆದಿದ್ದ 5 ಎಂಎಲ್ ಸಿರಪ್ಪಿನ ನೆನಪಿನಲ್ಲಿ 5 ಎಂಎಲ್ ಡ್ರಾಪ್ಸ್ ಕುಡಿಸಿದರೆ ಕೂಸಿನ ಹೊಟ್ಟೆಗೆ 500 ಮಿಲಿಗ್ರಾಂ ಹೋಯಿತು. ಇನ್ನು ‘ಒಂದು ಚಮಚ’ ಎಂದರೆ ಯಾವ ಚಮಚ? ಟೀ ಕಲಕುವುದೋ, ಉಪ್ಪಿನಕಾಯಿ ತೆಗೆಯುವುದೋ?

ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳುವ ಮಾತ್ರೆ. ಬಿಪಿ, ಶುಗರ್ ಮಾತ್ರೆಗಳ ಜೊತೆ ಅದನ್ನೂ ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಜೀವಕ್ಕೇ ಸಂಚಕಾರ. ಜಗತ್ತಿನಾದ್ಯಂತ ಔಷಧ ಸುರಕ್ಷತೆಯ ಪಾಠಗಳಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಉದಾಹರಣೆ ಇದು. ನನ್ನ ಕೌಂಟರಿನಲ್ಲಿ ಅದನ್ನು ತಡೆಯಲು ಇರುವ ಉಪಕರಣ ಒಂದು ಬಾಲ್‌ಪೆನ್ನು ಮತ್ತು ಕಂದು ಬಣ್ಣದ ಕಾಗದದ ಕವರು. ‘ಸೋಮವಾರ ಮಾತ್ರ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಅದು ಕೆಲಸ ಮಾಡುತ್ತದೆಯೇ? ನನಗೆ ಗೊತ್ತಿಲ್ಲ, ಏಕೆಂದರೆ ಅದನ್ನು ಯಾರೂ ಪರೀಕ್ಷಿಸಿಲ್ಲ.

ನಾನು ಕೇಳುವ ಸಂಶೋಧನೆ ಇಲ್ಲಿಂದ ಶುರುವಾಗುತ್ತದೆ. 2006ರಲ್ಲಿ ಅಮೆರಿಕದಲ್ಲಿ ಒಂದು ಸರಳ ಅಧ್ಯಯನ ಪ್ರಕಟವಾಯಿತು. ಮೂರು ಊರುಗಳ ಚಿಕಿತ್ಸಾಲಯಗಳಿಗೆ ಬಂದ 395 ಜನರಿಗೆ ಔಷಧದ ಬಾಟಲಿಗಳ ಲೇಬಲ್ ತೋರಿಸಿ ಓದಿಸಿದರು. ಅವುಗಳಲ್ಲೊಂದರ ಮೇಲಿದ್ದ ಸೂಚನೆ: ಎರಡು ಮಾತ್ರೆಯಂತೆ ದಿನಕ್ಕೆ ಎರಡು ಬಾರಿ ತೆಗೆದುಕೊಳ್ಳಬೇಕು. ಓದುಬರಹ ಕಡಿಮೆ ಇದ್ದವರಲ್ಲೂ ಸುಮಾರು 71% ಜನ ಅದನ್ನು ಸರಿಯಾಗಿ ಓದಿ ಹೇಳಿದರು. ‘ಹಾಗಾದರೆ ದಿನಕ್ಕೆ ಒಟ್ಟು ಎಷ್ಟು ಮಾತ್ರೆ, ಎಣಿಸಿ ತೋರಿಸಿ’ ಎಂದಾಗ ಸರಿಯಾಗಿ ತೋರಿಸಿದವರು ಸುಮಾರು 35% ಮಾತ್ರ. ಓದಲು ಬಂದದ್ದೆಲ್ಲ ಮಾಡಲು ಬಂದಂತಲ್ಲ ಎಂದು ಸಾಬೀತು ಮಾಡಲು ಅವರಿಗೆ ದೊಡ್ಡ ಯಂತ್ರವಾಗಲಿ ದುಬಾರಿ ರಾಸಾಯನಿಕವಾಗಲಿ ಬೇಕಾಗಲಿಲ್ಲ. ಇಂಥ ಅಧ್ಯಯನಗಳ ಬಲದ ಮೇಲೆ ‘ಬೆಳಿಗ್ಗೆ ಎರಡು, ರಾತ್ರಿ ಎರಡು’ ಎಂಬಂತೆ ಹೊತ್ತನ್ನೇ ಹೇಳುವ ಲೇಬಲ್ ಉತ್ತಮ ಎಂಬ ವಾದ ಗಟ್ಟಿಯಾಯಿತು. ಕ್ಯಾಲಿಫೋರ್ನಿಯಾದ ಫಾರ್ಮಸಿ ಮಂಡಳಿ ಲೇಬಲ್‌ಗೆ ನಿಯಮ ತಂದಿತು. ಔಷಧ ತೆಗೆದುಕೊಳ್ಳುವ ಸಿದ್ಧ ಸೂಚನೆಗಳನ್ನು ಚೀನಿ, ಕೊರಿಯನ್, ರಷ್ಯನ್, ಸ್ಪ್ಯಾನಿಷ್, ವಿಯೆಟ್ನಾಮಿ ಭಾಷೆಗಳಿಗೆ ಅನುವಾದಿಸಿ ತನ್ನ ಜಾಲತಾಣದಲ್ಲಿ ಇಟ್ಟಿತು. ಅಲ್ಲಿನ ಫಾರ್ಮಾಸಿಸ್ಟ್‌ಗೆ ವಿಯೆಟ್ನಾಮಿ ಬರಬೇಕಿಲ್ಲ, ಸೂಚನೆ ಆರಿಸಿ ಮುದ್ರಿಸಿದರಾಯಿತು.

ಕನ್ನಡನಾಡಿನಲ್ಲಿ ಕೋಟ್ಯಂತರ ಜನ ಕನ್ನಡದಲ್ಲೇ ಬದುಕುತ್ತಾರೆ. ಅಂಗಡಿಯ ಕೌಂಟರಿನಲ್ಲಿ ಬಳಸಲು, ರೋಗಿಗಳ ಮೇಲೆ ಪ್ರಯೋಗಿಸಿ ನೋಡಿದ ಇಂಥದೊಂದು ಕನ್ನಡದ ಸೂಚನೆಗಳ ಪಟ್ಟಿ ನನ್ನ ಕೈಗೆ ಎಲ್ಲಿಂದಲೂ ಬಂದಿಲ್ಲ. ನನ್ನ ಕವರಿನ ಮೇಲೆ ನಾನು ‘1-0-1’ (ಬೆಳಿಗ್ಗೆ ಒಂದು, ರಾತ್ರಿ ಒಂದು) ಎಂದು ಬರೆಯುತ್ತೇನೆ, ಪಕ್ಕದ ಅಂಗಡಿಯವರು ಎರಡು ಅಡ್ಡಗೆರೆ ಹಾಕುತ್ತಾರೆ, ಇನ್ನೊಬ್ಬರು ಸ್ಟ್ರಿಪ್ಪಿನ ಹಿಂದೆ ಬರೆದು ಕತ್ತರಿಯಿಂದ ಕತ್ತರಿಸಿ ಕೊಡುತ್ತಾರೆ. ಆ ಕತ್ತರಿಯಲ್ಲಿ ಔಷಧದ ಹೆಸರು, ಅವಧಿ ಮುಗಿಯುವ ದಿನಾಂಕ ಎರಡೂ ಮಾಯ.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಕನ್ನಡದಲ್ಲಿ ಚೀಟಿ ಬರೆಯುವಂತೆ ಮಾಡಬೇಕು ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದಾಗ ಪರ, ವಿರೋಧ ಎರಡೂ ಕಡೆ ಬಿಸಿ ಏರಿತು. ಆ ಆಶಯಕ್ಕೆ ನನ್ನ ಗೌರವವಿದೆ. ಆದರೆ ಕೌಂಟರಿನ ಈಚೆ ನಿಂತವಳಾಗಿ ಹೇಳುವುದಾದರೆ, ಔಷಧದ ಹೆಸರು ಸ್ಟ್ರಿಪ್ಪಿನ ಮೇಲೆ ಯಾವ ಲಿಪಿಯಲ್ಲಿ ಇದೆಯೋ ಅದೇ ಲಿಪಿಯಲ್ಲಿ, ಬಿಡಿ ಬಿಡಿ ದೊಡ್ಡ ಅಕ್ಷರಗಳಲ್ಲಿ ಇರಲಿ. ಹೋಲಿಸಿ ನೋಡಲು ಅನುಕೂಲ. ರೋಗಿಗೆ ಕನ್ನಡ ಬೇಕಿರುವುದು ‘ಹೇಗೆ, ಯಾವಾಗ, ಎಷ್ಟು ದಿನ’ ಎಂಬಲ್ಲಿ. ಅದನ್ನು ವೈದ್ಯರ ತಲೆಗೆ ಕಟ್ಟುವ ಅಗತ್ಯವಿಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳ ಪ್ರಕಾರ ರೋಗಿಗೆ ತಿಳಿಹೇಳುವುದು ಫಾರ್ಮಾಸಿಸ್ಟ್‌ನ ಕರ್ತವ್ಯ. ಕರ್ತವ್ಯ ನಮ್ಮದು, ಒಪ್ಪುತ್ತೇನೆ. ಹೇಗೆ ಹೇಳಿದರೆ ತಲುಪುತ್ತದೆ ಎಂದು ಕಂಡುಹಿಡಿದುಕೊಡುವುದು ನಿಮ್ಮ ಕೆಲಸ.

ಅದು ಮೇಜಿನ ಮುಂದೆ ಕುಳಿತು ಅನುವಾದ ಮಾಡಿ ಮುಗಿಸುವ ಕೆಲಸವಲ್ಲ. ‘ಖಾಲಿ ಹೊಟ್ಟೆಯಲ್ಲಿ’ ಎಂದು ಥೈರಾಯ್ಡ್ ಮಾತ್ರೆಯ ಬಾಟಲಿ ಕೊಡುತ್ತೇನೆ. ಕಾಫಿ ಕುಡಿದರೆ ಹೊಟ್ಟೆ ತುಂಬುತ್ತದೆಯೇ? ಇಲ್ಲವಲ್ಲ, ಹಾಗಾಗಿ ಕಾಫಿಯ ಜೊತೆಯಲ್ಲೇ ಮಾತ್ರೆ ನುಂಗುತ್ತಾರೆ, ಅದು ಸರಿಯಾಗಿ ಹೀರಿಕೆಯಾಗುವುದಿಲ್ಲ. ‘ಊಟದ ನಂತರ ಮೂರು ಹೊತ್ತು’ ಎಂದರೆ, ಹೊಲಕ್ಕೆ ಹೋಗುವವರು ಎರಡೇ ಹೊತ್ತು ಉಣ್ಣುತ್ತಾರೆ, ಮೂರನೆಯ ಮಾತ್ರೆ ಸ್ಟ್ರಿಪ್ಪಿನಲ್ಲೇ ಉಳಿಯುತ್ತದೆ. ಓದಲು ಬಾರದವರಿಗೆ ಸೂರ್ಯ ಚಂದ್ರರ ಚಿತ್ರ ಹಾಕಿ ಎನ್ನುತ್ತಾರೆ. ಅರ್ಧ ಸೂರ್ಯನ ಚಿತ್ರ ಹುಟ್ಟುವ ಸೂರ್ಯನೋ ಮುಳುಗುವ ಸೂರ್ಯನೋ? ನಮ್ಮೂರು ಆಂಧ್ರದ ಗಡಿಗೆ ಹತ್ತಿರ. ಮನೆಯಲ್ಲಿ ತೆಲುಗು ಆಡುವ, ಶಾಲೆಯಲ್ಲಿ ಕನ್ನಡ ಓದಿದ ಗಿರಾಕಿಗಳು ದಿನವೂ ಬರುತ್ತಾರೆ. ಮಂಗಳೂರಿನಲ್ಲಿ, ಕಲಬುರಗಿಯಲ್ಲಿ ಇನ್ನೂ ಬೇರೆ. ಹಾಗಾಗಿ ನಾಲ್ಕಾರು ಜಿಲ್ಲೆಗಳ ಕಾಲೇಜುಗಳು ಸೇರಿ ಮಾಡಬೇಕಾದ ಕೆಲಸ ಇದು. ಪದೇ ಪದೇ ಬೇಕಾಗುವ ಸೂಚನೆಗಳನ್ನು ಆರಿಸಿ, ಒಂದೊಂದನ್ನೂ ಎರಡು ಮೂರು ರೀತಿಯಲ್ಲಿ ಬರೆದು, ರೋಗಿಯ ಕೈಗೆ ಬಣ್ಣದ ಗುಂಡುಗಳನ್ನು ಕೊಟ್ಟು ‘ನಾಳೆ ಬೆಳಿಗ್ಗೆಯಿಂದ ಹೇಗೆ ತೆಗೆದುಕೊಳ್ಳುತ್ತೀರಿ, ಎತ್ತಿಟ್ಟು ತೋರಿಸಿ’ ಎಂದು ಕೇಳಿ. ಯಾವ ವಾಕ್ಯಕ್ಕೆ ಹೆಚ್ಚು ಜನ ಸರಿಯಾಗಿ ಎತ್ತಿಡುತ್ತಾರೋ ಅದನ್ನು ಉಳಿಸಿಕೊಳ್ಳಿ. ಆರು ತಿಂಗಳಲ್ಲಿ ಮುಗಿಯುವಂಥದು ಇದು, ನಿಮ್ಮ ಪಠ್ಯಕ್ರಮಕ್ಕೂ ತೊಂದರೆಯಿಲ್ಲ.

ಈಗ ಶಿಕ್ಷಣದ ವಿಷಯ. ತಾಲ್ಲೂಕು ಕೇಂದ್ರಗಳ ಅಂಗಡಿಗಳಲ್ಲಿ ನಿಂತಿರುವವರಲ್ಲಿ ಹೆಚ್ಚಿನವರು ಡಿ.ಫಾರ್ಮ್‌ನವರು, ಫಾರ್ಮ್ ಡಿ ಓದಿದವರಲ್ಲ. ನಿಮ್ಮ ಸಂಶೋಧನೆಯ ದೀಪವೆಲ್ಲ ಫಾರ್ಮ್ ಡಿ ಮತ್ತು ದೊಡ್ಡಾಸ್ಪತ್ರೆಯ ಕಡೆಗಿದೆ. ನಾವು ಓದಿದ್ದು 1991ರ ಶಿಕ್ಷಣ ನಿಯಮಗಳ ಪಠ್ಯವನ್ನು. ಮಿಶ್ರಣ ಕುಟ್ಟುವುದು, ಮುಲಾಮು ಅರೆಯುವುದು, ಗಿಡಮೂಲಿಕೆ ಗುರುತಿಸುವುದು ಎಲ್ಲವನ್ನೂ ಕಲಿತೆವು. ಎದುರಿಗೆ ನಿಂತು ಅಳುತ್ತಿರುವ ತಾಯಿಗೆ ಡ್ರಾಪ್ಸ್ ಅಳೆಯುವುದನ್ನು ಹೇಗೆ ಹೇಳಿಕೊಡಬೇಕು ಎಂಬುದನ್ನು ಕಲಿಯಲಿಲ್ಲ. 500 ಗಂಟೆಗಳ ಪ್ರಾಯೋಗಿಕ ತರಬೇತಿ ಇತ್ತು, ಅದರಲ್ಲಿ 250 ಗಂಟೆ ಚೀಟಿ ನೋಡಿ ಔಷಧ ಕೊಡುವುದಕ್ಕೇ ಮೀಸಲು. ಆ ಗಂಟೆಗಳು ಎಷ್ಟು ಜನರ ವಿಷಯದಲ್ಲಿ ಬರೀ ಸಹಿಯಲ್ಲಿ ಮುಗಿದವು ಎಂದು ಕೇಳಿದರೆ ಎಲ್ಲರೂ ಗೋಡೆ ನೋಡುತ್ತಾರೆ.

ಮೂರು ದಶಕಗಳ ಬಳಿಕ 2020ರಲ್ಲಿ ಹೊಸ ನಿಯಮಗಳು ಬಂದವು. ಸಾಮಾಜಿಕ ಫಾರ್ಮಸಿ, ಸಮುದಾಯ ಫಾರ್ಮಸಿ ಎಂಬ ವಿಷಯಗಳು ಪಠ್ಯದೊಳಗೆ ಸೇರಿದವು. ಒಳ್ಳೆಯದಾಯಿತು. ಈಗ ಹಳೆಯ ಪಠ್ಯ ಓದಿದವರೂ ಹೊಸ ಪಠ್ಯ ಓದಿದವರೂ ಒಂದೇ ಬೀದಿಯ ಎದುರುಬದುರು ಅಂಗಡಿಗಳಲ್ಲಿ ನಿಂತಿದ್ದಾರೆ. ಶಿಕ್ಷಣ ಸಂಶೋಧಕರಿಗೆ ಇಂಥ ಅವಕಾಶ ಮತ್ತೆ ಮತ್ತೆ ಸಿಗುವುದಿಲ್ಲ. ಹೊಸಬರು ರೋಗಿಯ ಜೊತೆ ಹೆಚ್ಚು ಮಾತಾಡುತ್ತಾರೆಯೇ? ಅಲರ್ಜಿ ಕೇಳುತ್ತಾರೆಯೇ, ಬಸಿರೇ ಎಂದು ಕೇಳುತ್ತಾರೆಯೇ, ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಮೆಟ್‌ಫಾರ್ಮಿನ್ ಮನೆಯಲ್ಲಿ ಇರುವಾಗಲೇ ಇನ್ನೊಂದು ಹೆಸರಿನ ಮೆಟ್‌ಫಾರ್ಮಿನ್ ಒಯ್ಯುತ್ತಿದ್ದೀರಿ ಎಂದು ತಡೆಯುತ್ತಾರೆಯೇ? ಇಲ್ಲವಾದರೆ ಪಠ್ಯ ಬದಲಿಸಿಯೂ ಏನೂ ಬದಲಾಗಿಲ್ಲ ಎಂದಾಯಿತು. ಅದನ್ನು ಈಗಲೇ ತಿಳಿಯಬೇಕು, ಇನ್ನೊಂದು ಮೂವತ್ತು ವರ್ಷ ಕಾದು ಅಲ್ಲ. 2022ರಲ್ಲಿ ಡಿ.ಫಾರ್ಮ್ ಮುಗಿಸಿದವರಿಗೆ ನಿರ್ಗಮನ ಪರೀಕ್ಷೆ ಎಂಬ ನಿಯಮವೂ ಬಂತು. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಪರೀಕ್ಷೆಯಿಂದ ಬಾಯಿಬಿಟ್ಟು ಮಾತಾಡುವ ಕೌಶಲವನ್ನು ಅಳೆಯುವುದು ಹೇಗೆ ಎಂಬುದು ನನಗೆ ಅರ್ಥವಾಗದ ವಿದ್ಯೆ.

ಇನ್ನೊಂದು ಬಗೆಯ ಅಧ್ಯಯನವನ್ನು ನೀವು ಬಲು ಉತ್ಸಾಹದಿಂದ ಮಾಡುತ್ತೀರಿ. ಗಿರಾಕಿಯ ವೇಷದಲ್ಲಿ ಯಾರನ್ನಾದರೂ ಕಳಿಸಿ, ‘ಗಂಟಲು ನೋವು, ಆ್ಯಂಟಿಬಯೋಟಿಕ್ ಕೊಡಿ’ ಎಂದು ಕೇಳಿಸಿ, ಎಷ್ಟು ಅಂಗಡಿಯವರು ಚೀಟಿ ಇಲ್ಲದೆ ಕೊಟ್ಟರು ಎಂದು ಲೆಕ್ಕ ಹಾಕುವುದು. ಲೆಕ್ಕ ನಿಜವೇ ಇರುತ್ತದೆ, ನಮ್ಮ ಕಸುಬಿನವರನ್ನು ನಾನು ಇಲ್ಲಿ ಸಮರ್ಥಿಸುವುದಿಲ್ಲ. ಚೀಟಿ ಕೇಳಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ ಎಂಬ ಭಯ, ಬಾಡಿಗೆಗೆ ಪಡೆದ ಸರ್ಟಿಫಿಕೇಟಿನ ಅಡಿಯಲ್ಲಿ ಮಾರಾಟಗಾರ ಹುಡುಗ ಮಾತ್ರ ಇರುವ ಅಂಗಡಿ, ವೈದ್ಯರ ಶುಲ್ಕ ಉಳಿಸಲು ಬರುವ ಕೂಲಿಕಾರ, ಇವೆಲ್ಲ ಸೇರಿ ಆ ಲೆಕ್ಕ ಹುಟ್ಟುತ್ತದೆ. ಇದರಲ್ಲಿ ಯಾವುದನ್ನು ಮೊದಲು ಮುಟ್ಟಿದರೆ ಲೆಕ್ಕ ಇಳಿಯುತ್ತದೆ ಎಂದು ನೋಡಿದ್ದೀರಾ?

ಕದ್ದು ನೋಡುವ ಅಗತ್ಯವೂ ಇಲ್ಲದ ಒಂದು ಕಣಜ ನನ್ನ ಡ್ರಾಯರಿನಲ್ಲೇ ಇದೆ. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಪಟ್ಟಿಯ ಔಷಧ ಮಾರುವಾಗ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಪ್ರಬಲ ಆ್ಯಂಟಿಬಯೋಟಿಕ್‌ಗಳು, ಕ್ಷಯದ ಔಷಧಗಳು, ಕೆಲವು ನಿದ್ದೆ ಮಾತ್ರೆಗಳು ಆ ಪಟ್ಟಿಯಲ್ಲಿವೆ. ಇನ್‌ಸ್ಪೆಕ್ಟರ್ ಬಂದಾಗ ತೆರೆಯುವ ರಿಜಿಸ್ಟರನ್ನು ಸಂಶೋಧಕರು ಕೇಳಿದ್ದೇ ಇಲ್ಲ. ಔಷಧ ನಿಯಂತ್ರಣ ಇಲಾಖೆಯ ಅನುಮತಿ ತನ್ನಿ, ರೋಗಿ ಮತ್ತು ವೈದ್ಯರ ಹೆಸರು ಮುಚ್ಚಿ, ತಾಲ್ಲೂಕಿನ ನಾಲ್ಕು ಅಂಗಡಿಗಳ ಪುಸ್ತಕ ಓದಿ. ಯಾವ ತಿಂಗಳು ಯಾವ ಆ್ಯಂಟಿಬಯೋಟಿಕ್ ಏರಿತು, ಎಷ್ಟು ಜನ ಪೂರ್ತಿ ಕೋರ್ಸಿನ ಬದಲು ಎರಡು ದಿನದ್ದು ಒಯ್ದರು ಎಂಬುದೆಲ್ಲ ಅಲ್ಲಿದೆ.

ಹೆಸರಿನ ಗೊಂದಲದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದರ ಬಗ್ಗೆ ಸುಪ್ರೀಂ ಕೋರ್ಟೇ ಹೇಳಿಯಾಗಿದೆ. 2001ರಲ್ಲಿ ಮಲೇರಿಯಾದ ಎರಡು ಔಷಧಗಳ, ಫಾಲ್ಸಿಗೋ ಮತ್ತು ಫಾಲ್ಸಿಟ್ಯಾಬ್‌ಗಳ, ಪ್ರಕರಣದಲ್ಲಿ ನ್ಯಾಯಾಲಯ ಔಷಧದ ಹೆಸರುಗಳ ಹೋಲಿಕೆಯನ್ನು ಬೇರೆ ಸರಕುಗಳಿಗಿಂತ ಕಟ್ಟುನಿಟ್ಟಾಗಿ ನೋಡಬೇಕು ಎಂದಿತು. 2019ರಲ್ಲಿ, ತಮ್ಮ ಹೆಸರು ಬೇರೆಯದನ್ನು ಹೋಲುವುದಿಲ್ಲ ಎಂದು ತಯಾರಕರು ನಮೂನೆ 51ರಲ್ಲಿ ಮುಚ್ಚಳಿಕೆ ಬರೆದುಕೊಡುವ ನಿಯಮವೂ ಬಂತು. ಆದರೂ ನನ್ನ ಕಪಾಟಿನಲ್ಲಿ ಅಣ್ಣತಮ್ಮಂದಿರಂಥ ಹೆಸರುಗಳು ಅಕ್ಕಪಕ್ಕ ಕುಳಿತಿವೆ. ಅಂಗಡಿಯವರಿಂದಲೇ ಸಂಗ್ರಹಿಸಿ, ವರ್ಷಕ್ಕೊಮ್ಮೆ ಪರಿಷ್ಕರಿಸುವ ಗೊಂದಲದ ಹೆಸರುಗಳ ಪಟ್ಟಿಯೊಂದನ್ನು ಕೌನ್ಸಿಲ್ ಹೊರತಂದರೆ ಅದನ್ನು ಗೋಡೆಗೆ ಅಂಟಿಸಲು ನಾನು ಸಿದ್ಧ.

ಇದೇ ಸಂದರ್ಭದಲ್ಲಿ ಕೌನ್ಸಿಲ್‌ಗೆ ಇನ್ನೊಂದು ಕೋರಿಕೆ. ತಪ್ಪಿನ ಅಂಚಿನವರೆಗೆ ಹೋಗಿ ಕೊನೆ ಗಳಿಗೆಯಲ್ಲಿ ತಪ್ಪಿಹೋದ ಘಟನೆಗಳು ಪ್ರತಿ ಅಂಗಡಿಯಲ್ಲೂ ನಡೆಯುತ್ತವೆ. ಸಹಾಯಕ ಹುಡುಗ ಬೇರೆ ಬಲದ ಮಾತ್ರೆ ಎತ್ತಿಟ್ಟಿರುತ್ತಾನೆ, ಬಿಲ್ ಮಾಡುವಾಗ ಕಣ್ಣಿಗೆ ಬೀಳುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಆದರೆ ಅದನ್ನು ಹೇಳಿಕೊಳ್ಳಲು ಜಾಗವಿಲ್ಲ. ಇಲಾಖೆಗೆ ಹೇಳಿದರೆ ಲೈಸೆನ್ಸಿನ ಭಯ, ಸಂಘದಲ್ಲಿ ಹೇಳಿದರೆ ಮರುದಿನ ಊರಿಗೆಲ್ಲ ಗೊತ್ತು. ಅಡ್ಡಪರಿಣಾಮ ತಿಳಿಸಲು 1800-180-3024 ಎಂಬ ಉಚಿತ ಸಹಾಯವಾಣಿ ಇದೆ, ಸಾರ್ವಜನಿಕರೇ ತುಂಬಬಹುದಾದ ಕನ್ನಡದ ನಮೂನೆಯೂ ಇದೆ. ಈ ಎರಡೂ ಇವೆ ಎಂದು ಗೊತ್ತಿರುವ ಗಿರಾಕಿ ನನಗೆ ಇನ್ನೂ ಸಿಕ್ಕಿಲ್ಲ ಎಂಬುದು ಬೇರೆ ಮಾತು. ಅದೇ ರೀತಿ, ಹೆಸರು ಹೇಳದೆ, ಶಿಕ್ಷೆಯ ಭಯವಿಲ್ಲದೆ, ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕಳಿಸಬಹುದಾದ ವ್ಯವಸ್ಥೆ ಅಂಗಡಿಯವರಿಗೂ ಬೇಕು. ಕಳಿಸಿದ್ದನ್ನು ಓದಿ ವಿಂಗಡಿಸುವ ಕೆಲಸ ಫಾರ್ಮ್ ಡಿ ವಿದ್ಯಾರ್ಥಿಗಳಿಗೆ ಇರಲಿ, ಮೂರು ತಿಂಗಳಿಗೊಮ್ಮೆ ಒಂದು ಪುಟದ ವರದಿ ನಮಗೆ ಬರಲಿ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ‘ಹಾನಿಯಿಲ್ಲದ ಔಷಧೋಪಚಾರ’ ಎಂಬ ಸವಾಲು ಹಾಕಿ, ತಡೆಯಬಹುದಾದ ಗಂಭೀರ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕೆ ಇಳಿಸಬೇಕು ಎಂದಿತು. ಔಷಧದ ತಪ್ಪುಗಳಿಂದ ಜಗತ್ತಿಗೆ ವರ್ಷಕ್ಕೆ ಸುಮಾರು 42 ಶತಕೋಟಿ ಡಾಲರ್ ಹೊರೆ ಎಂದೂ ಅಂದಾಜು ಕೊಟ್ಟಿತು. 2022ರ ಸೆಪ್ಟೆಂಬರ್ 17ರ ರೋಗಿ ಸುರಕ್ಷತಾ ದಿನಕ್ಕೆ ಇದೇ ವಿಷಯ. ಕಾಲೇಜುಗಳಲ್ಲಿ ಭಿತ್ತಿಪತ್ರ ಸ್ಪರ್ಧೆ, ಮೆರವಣಿಗೆ, ಫೋಟೋ ಎಲ್ಲ ಆದವು. ಆ ಐದು ವರ್ಷ ಮುಗಿದು ಬಹಳ ಕಾಲವಾಯಿತು. ನಮ್ಮ ತಾಲ್ಲೂಕಿನಲ್ಲಿ ಹಾನಿ ಅರ್ಧಕ್ಕೆ ಇಳಿಯಿತೇ ಎಂದು ಹೇಳಲು ಮೊದಲು ಎಷ್ಟಿತ್ತು ಎಂಬುದೇ ಗೊತ್ತಿಲ್ಲ, ಏಕೆಂದರೆ ನೀವು ಎಣಿಸಿದ್ದೆಲ್ಲ ಬೋಧನಾ ಆಸ್ಪತ್ರೆಗಳ ಒಳಗೆ.

ವಿಶ್ವವಿದ್ಯಾಲಯಕ್ಕೆ ನನ್ನ ಕೋರಿಕೆಗಳಲ್ಲಿ ದುಡ್ಡು ಬೇಡುವಂಥದು ಕಡಿಮೆ. ಔಷಧ ಸುರಕ್ಷತೆಯ ಪ್ರತಿ ಯೋಜನಾ ವರದಿಯ ಜೊತೆ ಎರಡು ಪುಟದ ಕನ್ನಡ ಸಾರಾಂಶ ಕಡ್ಡಾಯವಾಗಲಿ, ಅದು ಮಾಹಿತಿ ಕೊಟ್ಟ ವಾರ್ಡಿಗೂ ಅಂಗಡಿಗೂ ತಲುಪಿದ ಮೇಲೆಯೇ ಮೌಲ್ಯಮಾಪನ ಆಗಲಿ. ಪಿಎಚ್‌ಡಿ ಪ್ರಬಂಧಗಳನ್ನು ಶೋಧಗಂಗಾ ಜಾಲತಾಣದಲ್ಲಿ ಯಾರು ಬೇಕಾದರೂ ಓದುವಂತೆ, ಈ ವರದಿಗಳೂ ಎಲ್ಲರಿಗೂ ತೆರೆದಿರಲಿ. ಆಗ ಬೀದರಿನಲ್ಲಿ ಎಣಿಸಿದ್ದನ್ನೇ ಮಂಡ್ಯದಲ್ಲಿ ಮತ್ತೆ ಎಣಿಸುವುದು ತಪ್ಪುತ್ತದೆ. ಒಂದು ಕಾಲೇಜು ಒಂದು ಪ್ರಶ್ನೆಯನ್ನು ಹಿಡಿದರೆ ಸತತ ಮೂರು ತಂಡಗಳು ಅದನ್ನೇ ಮುಂದುವರಿಸಲಿ: ಮೊದಲನೆಯದು ಅಳೆಯಲಿ, ಎರಡನೆಯದು ಬದಲಿಸಲಿ, ಮೂರನೆಯದು ಮತ್ತೆ ಅಳೆಯಲಿ. ಶೀರ್ಷಿಕೆ ಹಳತಾಯಿತು ಎಂದು ಅಂಕ ಕಳೆಯಬೇಡಿ.

ಮುಂದಿನ ವರ್ಷದ ಯೋಜನಾ ವಿಷಯಗಳ ಪಟ್ಟಿ ಅಂತಿಮವಾಗುವ ಮೊದಲು ಇದರ ಬಗ್ಗೆ ನಿಮ್ಮ ತೀರ್ಮಾನ ತಿಳಿಸಿ. ಕನ್ನಡದ ಲೇಬಲ್ ಸೂಚನೆಗಳ ಪರೀಕ್ಷೆಗೆ ಯಾವ ಕಾಲೇಜು ಮುಂದೆ ಬಂದರೂ ನನ್ನ ಅಂಗಡಿ ಕೊಡುತ್ತೇನೆ, ಪರಿಚಯದ ಇತರ ಅಂಗಡಿಗಳವರನ್ನೂ ಒಪ್ಪಿಸುತ್ತೇನೆ. ಮಧ್ಯಾಹ್ನ 2ರಿಂದ 4ರವರೆಗೆ ಇಲ್ಲಿ ಜನ ಕಡಿಮೆ, ಕೂರಲು ಬೆಂಚು ಇದೆ. ಸಂತೆಯ ದಿನ ಮಾತ್ರ ಬೇಡ.

ಇಂತಿ,
ಒಬ್ಬ ನೋಂದಾಯಿತ ಫಾರ್ಮಾಸಿಸ್ಟ್
ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ